ಕಣಜದ ಬಾಗಿಲಲ್ಲೇ ಶುರುವಾದ ಯುದ್ಧ

ವಿಯೆಟ್ನಾಂ ಯುದ್ಧ ಅಂದ ಕೂಡಲೆ ನಮ್ಮ ಹುಡುಗರು ಅಮೆರಿಕಾದ ಹೆಸರು ಹೇಳ್ತಾರೆ. 1965ರ ಮಾರ್ಚಿನಲ್ಲಿ ಅದರ ಸೈನಿಕರು ಡನಾಂಗ್ ತೀರದಲ್ಲಿ ಇಳಿದರು, ನಿಜ. ಆದರೆ ಗೆಳೆಯರೇ, 1858ರಲ್ಲೇ ಅದೇ ಡನಾಂಗಿನ ಮೇಲೆ ಫ್ರೆಂಚ್ ಹಡಗುಗಳು ಫಿರಂಗಿ ಹಾರಿಸಿದ್ದವು. ನಡುವಿನ ನೂರಾ ಏಳು ವರ್ಷಗಳನ್ನು ನುಂಗಿಹಾಕಿ, ಇದು ಬರೀ ರಷ್ಯಾ-ಅಮೆರಿಕಾ ಜಗಳ ಅನ್ನೋ ಪಂಡಿತರನ್ನು ಕಂಡರೆ ನನಗೆ ಸಿಟ್ಟು ಬರುತ್ತೆ.

ಫ್ರೆಂಚರು ನಾಗರಿಕತೆ ಕಲಿಸೋಕೆ ಬಂದೆವು ಅಂದರು. 1897ರಲ್ಲಿ ಗವರ್ನರ್ ಜನರಲ್ ಆಗಿ ಬಂದ ಪಾಲ್ ಡೂಮೇರ್ ಉಪ್ಪು, ಸಾರಾಯಿ, ಅಫೀಮು ಮೂರನ್ನೂ ಸರ್ಕಾರದ ಮುಷ್ಟಿಗೆ ತಗೊಂಡ. ಸಮುದ್ರದ ದಂಡೇಲಿ ಉಪ್ಪು ತೆಗೆದವನು ಅದನ್ನು ಕಮ್ಮಿ ಬೆಲೆಗೆ ಸರ್ಕಾರಕ್ಕೇ ಕೊಡಬೇಕು. ಗಂಜಿಗೆ ಬೇಕಾದಾಗ ಅದೇ ಉಪ್ಪನ್ನು ದುಬಾರಿ ದುಡ್ಡು ತೆತ್ತು ಕೊಳ್ಳಬೇಕು. ಹಿರಿಯರ ಎಡೆಗೆ ಅಂತ ಮನೇಲಿ ಅಕ್ಕಿ ಸಾರಾಯಿ ಕಾಸಿದರೆ ಅಪರಾಧ. ರಸ್ತೆ ಕೆಲಸಕ್ಕೆ ಬಿಟ್ಟಿ ಚಾಕರಿ. ಬಿಟ್ಟಿ ಅಂದರೇನು ಅಂತ ಈ ಪತ್ರಿಕೆ ಓದೋರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಉತ್ತರದ ಹಸಿದ ಹಳ್ಳಿಗಳಿಂದ ಆಳುಗಳನ್ನು ಕರಾರಿನ ಮೇಲೆ ದಕ್ಷಿಣದ ರಬ್ಬರ್ ತೋಟಗಳಿಗೆ ಸಾಗಿಸಿದರು. 1930ರ ಫೆಬ್ರವರಿಯಲ್ಲಿ ಫೂ ರಿಯೆಂಗಿನ ಮಿಷೆಲಿನ್ ತೋಟದ ಕೂಲಿಗಳು ತಿರುಗಿಬಿದ್ದರು. ಅದೇ ವರ್ಷ ಸೆಪ್ಟೆಂಬರ್ 12ರಂದು ಮಧ್ಯ ವಿಯೆಟ್ನಾಮಿನಲ್ಲಿ ಮೆರವಣಿಗೆ ಹೊರಟ ರೈತರ ಮೇಲೆ ವಿಮಾನದಿಂದ ಬಾಂಬು ಹಾಕಿದರು. ಸತ್ತವರು ನೂರಕ್ಕೂ ಹೆಚ್ಚು.

ಇಲ್ಲೊಂದು ಮಾತು. ಸುಲಿದವರು ಬಿಳಿಯರು ಮಾತ್ರ ಅಲ್ಲ. ಮೆಕಾಂಗ್ ಬಯಲಿನಲ್ಲಿ ಹೆಚ್ಚಿನ ಭೂಮಿ ಸ್ಥಳೀಯ ಜಮೀನ್ದಾರರ ಕೈಯಲ್ಲಿತ್ತು. ಗೇಣಿದಾರ ಬೆಳೆದದ್ದರಲ್ಲಿ ಸುಮಾರು ಅರ್ಧ ಅಳೆದು ಕೊಡಬೇಕು. ಧ್ವಜ ಬದಲಾದರೆ ಸಾಕು ಅನ್ನೋ ಮಾತು ಆ ಗೇಣಿದಾರನ ಹೊಟ್ಟೆ ತುಂಬಿಸ್ತಿರಲಿಲ್ಲ. (ಮುಂದೆ ಉತ್ತರದಲ್ಲಿ ಭೂಸುಧಾರಣೆ ಹೆಸರಲ್ಲಿ ಸಾವಿರಾರು ಜನರನ್ನು ಕೊಂದರು. 1956ರಲ್ಲಿ ತಪ್ಪಾಯಿತು ಅಂತ ಅವರ ಸರ್ಕಾರವೇ ಒಪ್ಪಿಕೊಂಡಿತು. ಇದನ್ನೂ ಮುಚ್ಚಿಡಬಾರದು.)

1940ರಲ್ಲಿ ಜಪಾನಿನ ಸೇನೆ ಬಂತು. ಫ್ರೆಂಚರು ಅವರಿಗೂ ಅಕ್ಕಿ ಒಟ್ಟಿಕೊಟ್ಟರು. ಭತ್ತದ ಗದ್ದೇಲಿ ಸೆಣಬು ಬೆಳೆಸಿದರು. 1944-45ರ ಬರಗಾಲದಲ್ಲಿ ಉತ್ತರದಲ್ಲಿ ಸತ್ತವರು ನಾಲ್ಕು ಲಕ್ಷದಿಂದ ಇಪ್ಪತ್ತು ಲಕ್ಷ ಅಂತ ಲೆಕ್ಕಗಳಿವೆ. ಹೆಣ ಎಣಿಸೋರೂ ಇರಲಿಲ್ಲ ಅಂತ ಈ ಅಂತರವೇ ಹೇಳುತ್ತೆ. ಊರಲ್ಲಿ ಹೆಣ, ಕಣಜದಲ್ಲಿ ಅಕ್ಕಿ. ವಿಯೆಟ್ ಮಿನ್ಹ್ ಕಾರ್ಯಕರ್ತರು ಕಣಜ ಒಡೆದು ಹಂಚಿರಿ ಅಂದರು. ಜನ ಯಾವ ಸಿದ್ಧಾಂತ ಓದಿ ಅವರ ಹಿಂದೆ ಹೋದರು ಅಂತ ಕೇಳೋರು ಈ ಅಕ್ಕಿಯನ್ನು ನೋಡಲಿ.

1945ರ ಸೆಪ್ಟೆಂಬರ್ 2ರಂದು ಹನೋಯಿಯಲ್ಲಿ ಹೋ ಚಿ ಮಿನ್ಹ್ ಸ್ವಾತಂತ್ರ್ಯ ಸಾರಿದರು. ಅದೇ ತಿಂಗಳು ಬ್ರಿಟಿಷ್ ಜನರಲ್ ಗ್ರೇಸಿ ಸೈಗಾನಿಗೆ ಬಂದು, ಫ್ರೆಂಚರ ಕೈಗೆ ಮತ್ತೆ ಬಂದೂಕು ಕೊಟ್ಟ. ಅವನ ಜೊತೆ ಇದ್ದದ್ದು 20ನೇ ಇಂಡಿಯನ್ ಡಿವಿಷನ್. ಹೌದು, ನಮ್ಮವರೇ! ಗುಲಾಮರನ್ನು ಹಿಡಿದಿಡೋಕೆ ಇನ್ನೊಂದು ಗುಲಾಮ ದೇಶದ ಸೈನಿಕರು.

1946ರ ನವೆಂಬರಿನಲ್ಲಿ ಹೈಫಾಂಗ್ ಬಂದರಿನ ಮೇಲೆ ಫ್ರೆಂಚ್ ಫಿರಂಗಿ. ಡಿಸೆಂಬರಿನಲ್ಲಿ ದೇಶದ ತುಂಬ ಯುದ್ಧ. 1954ರ ಮೇ 7ರಂದು ದಿಯೆನ್ ಬಿಯೆನ್ ಫೂನಲ್ಲಿ ಫ್ರೆಂಚರು ಸೋತರು. ಜಿನೀವಾದಲ್ಲಿ ದೇಶವನ್ನು ತಾತ್ಕಾಲಿಕವಾಗಿ ಎರಡು ಮಾಡಿ, 1956ರಲ್ಲಿ ಚುನಾವಣೆ ಅಂದರು. ಅಮೆರಿಕಾದ ಬೆಂಬಲದ ದಿಯೆಮ್ ಆ ಚುನಾವಣೆ ನಡೆಸಲೇ ಇಲ್ಲ. ಓಡಿಹೋಗಿದ್ದ ಜಮೀನ್ದಾರರು ಅವನ ಅಧಿಕಾರಿಗಳ ಬೆನ್ನಿಗೆ ನಿಂತು ಮತ್ತೆ ಹಳ್ಳಿಗೆ ಬಂದರು, ಬಾಕಿ ಗೇಣಿ ಕೇಳೋಕೆ.