ನಿವೃತ್ತ ಯುದ್ಧನೌಕೆಗಳ ಯೋಗಕ್ಷೇಮ

ಕಡಲ ಸೇವೆಯಿಂದ ನಿವೃತ್ತವಾದ ಯುದ್ಧನೌಕೆಗಳನ್ನು ನೆಲಕ್ಕೆ ತಂದು ವಸ್ತುಸಂಗ್ರಹಾಲಯಗಳನ್ನಾಗಿ ಮಾಡುವ ಪದ್ಧತಿಯು ನಮ್ಮ ದೇಶದಲ್ಲಿ ಬೇರೂರಿರುತ್ತದೆ. 1969ರಿಂದ 2001ರ ವರೆಗೆ ಸೇವೆ ಸಲ್ಲಿಸಿದ ‘ಕುರ್ಸುರಾ’ ಎಂಬ ಜಲಾಂತರ್ಗಾಮಿ ನೌಕೆಯನ್ನು ವಿಶಾಖಪಟ್ಟಣದ ಕಡಲತೀರದ ಮರಳಿಗೆ ಎಳೆದು ತಂದು, 2002ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ನಮ್ಮ ಕಾರವಾರದಲ್ಲಿಯೂ ರವೀಂದ್ರನಾಥ ಟಾಗೋರರ ಹೆಸರಿನ ತೀರದಲ್ಲಿ ‘ಚಪಲ’ ಎಂಬ ಕ್ಷಿಪಣಿ ನೌಕೆಯು 2006ರಿಂದ ನಿಂತಿರುತ್ತದೆ. ಜಲಾಂತರ್ಗಾಮಿಗಳನ್ನು ಆಕಾಶದಿಂದ ಹುಡುಕುತ್ತಿದ್ದು 2017ರಲ್ಲಿ ನಿವೃತ್ತವಾದ ಟುಪೊಲೆವ್ ವಿಮಾನವೊಂದನ್ನು ಅರಕ್ಕೋಣದಿಂದ ಬಿಚ್ಚಿ ತಂದು ಅದರ ನೆರೆಯಲ್ಲಿಯೇ ಜೋಡಿಸಲಾಗಿದೆ. ಇವೆಲ್ಲ ಸಂತೋಷದ ಸಂಗತಿಗಳೇ. ಆದರೆ ತರುವುದು ಒಮ್ಮೆಯ ಕೆಲಸ, ಕಾಯುವುದು ಪ್ರತಿವರ್ಷದ ಕೆಲಸ ಎಂಬುದನ್ನು ಸರಕಾರವೂ ಜನರೂ ಮರೆಯಲಾಗದು.

ಯುದ್ಧಸಾಮಗ್ರಿಯನ್ನು ದೂರದಿಂದ ತಂದು ನಿಲ್ಲಿಸುವುದು ವಿಜಯಪುರದವರಾದ ನಮಗೆ ಹೊಸದಲ್ಲ. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದ ಮಲಿಕ್-ಎ-ಮೈದಾನ ತೋಪು, ಸುಮಾರು 55 ಟನ್ನು ತೂಕದ್ದು, ಪರಂಡಾ ಕೋಟೆಯಿಂದ ನಮ್ಮ ಬುರುಜಿಗೆ ಬಂದು ಸೇರಿತು. ಇಂಗ್ಲಿಷರ ಆಳಿಕೆಯಲ್ಲಿ, 1854ರಲ್ಲಿ, ಅದನ್ನು ಹಳೆಯ ಲೋಹವೆಂದು ಹರಾಜಿಗೆ ಇಟ್ಟಾಗ ಬಂದ ಸವಾಲು ಕೇವಲ 150 ರೂಪಾಯಿ! ಅಧಿಕಾರಿಯೊಬ್ಬನಿಗೆ ಆ ಬೆಲೆ ತೀರ ಅಲ್ಪವೆಂದು ಕಂಡು ಹರಾಜು ನಿಂತದ್ದರಿಂದ ತೋಪು ಉಳಿಯಿತು. ಅದು ಕಂಚಿನದಾದ ಕಾರಣ ಬಿಸಿಲು ಮಳೆಗಳನ್ನೂ ತಾಳಿಕೊಂಡಿತು.

ಉಕ್ಕಿನ ನೌಕೆಗೆ ಆ ಭಾಗ್ಯವಿಲ್ಲ. ಸೇವೆಯಲ್ಲಿರುವಾಗ ಅದನ್ನು ಕಾಲಕಾಲಕ್ಕೆ ಕಟ್ಟೆಗೆ ಏರಿಸಿ, ಕೆರೆದು, ಬಣ್ಣ ಹಚ್ಚುವರು. ನೀರಿನೊಳಗೆ ತುಕ್ಕನ್ನು ತಡೆಯಲು ಒಡಲಿಗೆ ಅಂಟಿಸಿದ ಸತುವಿನ ಹಲಗೆಗಳು ನೆಲದ ಮೇಲೆ ನಿರುಪಯೋಗಿಗಳು. ನೀರಿನಲ್ಲಿ ಎಲ್ಲ ಕಡೆಗೂ ಹಂಚಿಹೋಗುತ್ತಿದ್ದ ಭಾರವು ನೆಲದ ಮೇಲೆ ಕೆಲವು ಆಧಾರಗಳ ಮೇಲಷ್ಟೇ ಬೀಳುತ್ತದೆ. ಉಪ್ಪುಗಾಳಿಯಂತೂ ಹಗಲಿರುಳು ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಅಲಕ್ಷ್ಯದ ಫಲವೇನೆಂಬುದಕ್ಕೆ ‘ವಿಕ್ರಾಂತ’ವೇ ಸಾಕ್ಷಿ. 1971ರ ಯುದ್ಧದಲ್ಲಿ ಪೂರ್ವಸಮುದ್ರವನ್ನು ಕಾದ ಆ ವಿಮಾನವಾಹಕ ನೌಕೆಯು 1997ರಲ್ಲಿ ನಿವೃತ್ತವಾಗಿ ಮುಂಬಯಿಯಲ್ಲಿ ಕೆಲವು ವರ್ಷ ವಸ್ತುಸಂಗ್ರಹಾಲಯವಾಗಿದ್ದರೂ, ಅದನ್ನು ಉಳಿಸುವ ಹಣದ ಹೊಣೆಯನ್ನು ಯಾರೂ ಹೊರದೆ, ಕೊನೆಗೆ 2014ರಲ್ಲಿ ಗುಜರಿಗೆ ಮಾರಲ್ಪಟ್ಟಿತು. ಅಂದು ನಮ್ಮ ತೋಪನ್ನು ಹರಾಜಿಗೆ ಇಟ್ಟವರು ಪರಕೀಯರು. ವಿಕ್ರಾಂತವನ್ನು ಮಾರಿದವರು ನಾವೇ.

ಒಡಲಿನ ರಕ್ಷಣೆಯಷ್ಟೇ ಮಹತ್ವದ್ದು ಸತ್ಯದ ರಕ್ಷಣೆ. ‘ಚಪಲ’ವು 1971ರಲ್ಲಿ ಕರಾಚಿಯ ಮೇಲಿನ ದಾಳಿಯಲ್ಲಿ ಭಾಗವಹಿಸಿತೆಂದು ಪ್ರವಾಸಿಗಳಿಗಾಗಿ ಬರೆದ ಎಷ್ಟೋ ಲೇಖನಗಳು ಹೇಳುತ್ತವೆ. ಆ ವರ್ಷದ ಡಿಸೆಂಬರ 4ರ ರಾತ್ರಿ ಕರಾಚಿಯ ಮೇಲೆ ಕ್ಷಿಪಣಿಗಳನ್ನೆಸೆದವು ‘ನಿಪಾತ’, ‘ನಿರ್ಘಾತ’, ‘ವೀರ’ ಎಂಬ ನೌಕೆಗಳು. ‘ಚಪಲ’ವು ಸೇವೆಗೆ ಸೇರಿದ್ದೇ 1976ರಲ್ಲಿ, ಅದು ಆ ವೀರರ ವಂಶದ ತಂಗಿಯೇ ಹೊರತು ಆ ರಾತ್ರಿಯ ವೀರಳಲ್ಲ. ಇದರಿಂದ ಅದರ ಗೌರವಕ್ಕೆ ಕುಂದೇನೂ ಇಲ್ಲ. ಯುದ್ಧವಿಲ್ಲದ ವರ್ಷಗಳಲ್ಲಿ ಕರಾವಳಿಯನ್ನು ಕಾಯುವುದೂ ದೇಶಸೇವೆಯೇ. ಮಾಡದ ಪರಾಕ್ರಮವನ್ನು ಆರೋಪಿಸಿದರೆ ಮಾಡಿದವರ ಕೀರ್ತಿಯನ್ನು ಕಸಿದಂತಾಗುವುದು.

ಆದುದರಿಂದ ಜಿಲ್ಲೆಯ ಅಧಿಕಾರಿಗಳಿಗೂ ಪ್ರವಾಸೋದ್ಯಮ ಇಲಾಖೆಗೂ ನಮ್ಮ ಸೂಚನೆಗಳು ಮೂರು. ಇನ್ನೊಂದು ನೌಕೆಯನ್ನಾಗಲಿ ವಿಮಾನವನ್ನಾಗಲಿ ಬೇಡುವ ಮೊದಲು, ಇರುವವುಗಳ ದುರಸ್ತಿಗೆ ಬೇರೆ ನಿಧಿಯನ್ನು ಕಾದಿರಿಸಿ, ಟಿಕೆಟ್ಟಿನ ಹಣವನ್ನು ಅದಕ್ಕೇ ಸಲ್ಲಿಸತಕ್ಕದ್ದು. ಕುರ್ಸುರಾದಲ್ಲಿ ಮಾಡಿದಂತೆ ನಿವೃತ್ತ ನಾವಿಕರನ್ನೇ ಮಾರ್ಗದರ್ಶಕರನ್ನಾಗಿ ನೇಮಿಸತಕ್ಕದ್ದು. ಪ್ರತಿಯೊಂದು ಯಂತ್ರದ ಮುಂದೆಯೂ ಸ್ವಚ್ಛ ಕನ್ನಡದಲ್ಲಿ, ನೌಕಾದಳದ ದಾಖಲೆಗಳಿಗೆ ಒಪ್ಪುವ ಫಲಕವಿರತಕ್ಕದ್ದು.

ನಮ್ಮ ಅರಕೇರಿಯಂಥ ಒಳನಾಡಿನ ಹಳ್ಳಿಯ ಮಕ್ಕಳು ಶಾಲೆಯ ಪ್ರವಾಸದಲ್ಲಿ ಕಾರವಾರಕ್ಕೆ ಹೋದಾಗ ಮೊದಲ ಸಲ ಕಡಲನ್ನು ಕಾಣುತ್ತಾರೆ. ಅದೇ ದಿನ ಯುದ್ಧನೌಕೆಯನ್ನೂ ಹತ್ತುತ್ತಾರೆ. ಅಂದು ಅವರು ನೋಡಿದ್ದು ತುಕ್ಕಾದರೆ, ಕೇಳಿದ್ದು ಸುಳ್ಳಾದರೆ, ಆ ಟಿಕೆಟ್ಟಿನ ಹಣವನ್ನು ತೆಗೆದುಕೊಳ್ಳುವ ಅಧಿಕಾರವು ಯಾರಿಗೂ ಇಲ್ಲ.