ಪ್ರಶ್ನೆಗೆ ಟೈಮ್ ಇಲ್ಲ ಅಂದ್ರೆ ಪ್ಯಾನೆಲ್ ಯಾಕೆ?

(ಬಿಕಾಂ ಡೈರಿ, ಭಾಗ 6. ಸ್ವಲ್ಪ ಉದ್ದ ಇದೆ, ಬಸ್ಸಲ್ಲಿ ಸೀಟ್ ಸಿಕ್ಕ ಮೇಲೆ ಓದಿ.)

ಫೆಸ್ಟ್ ಸೀಸನ್ ಶುರುವಾಯ್ತು. ಪ್ರತಿ ಪೋಸ್ಟರಲ್ಲೂ 'ಪ್ಯಾನೆಲ್ ಡಿಸ್ಕಶನ್' ಅಂತ ದಪ್ಪ ಅಕ್ಷರ, ಕೆಳಗೆ ಕೋಟು ಹಾಕಿದ ನಾಲ್ಕು ಜನರ ಫೋಟೋ. ಆ ನಾಲ್ವರನ್ನು ಮಾತಾಡಿಸೋದು ಯಾರು ಅನ್ನೋದು ಮಾತ್ರ ಎಲ್ಲೂ ಇರಲ್ಲ. ಯಾಕಂದ್ರೆ ಅದು ತೀರ್ಮಾನ ಆಗೋದು ಹಿಂದಿನ ದಿನ ಸಂಜೆ. 'ಅವಳ ವಾಯ್ಸ್ ಚೆನ್ನಾಗಿದೆ, ಇಂಗ್ಲಿಷ್ ಫ್ಲುಯೆಂಟು, ಅವಳೇ ಮಾಡ್ಲಿ ಬಿಡು.' ಮುಗೀತು.

ನನ್ನ ತಕರಾರು ಇಲ್ಲೇ. ನಿರೂಪಣೆ ಒಂದು ಕೆಲಸ, ಮಾಡರೇಶನ್ ಇನ್ನೊಂದು ಕೆಲಸ. ನಿರೂಪಕರು ಕಾರ್ಯಕ್ರಮನ ಮುಂದಕ್ಕೆ ತಗೊಂಡು ಹೋಗ್ತಾರೆ. ಮಾಡರೇಟರ್ ಆದವರು ಬೇಕಾದಾಗ ಅದನ್ನ ನಿಲ್ಲಿಸಬೇಕು. 'ಸಾರ್, ಇದು ನಾನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲ' ಅಂತ ನಗುನಗುತ್ತಲೇ ಹೇಳಬೇಕು. ಮುಖ್ಯ ಅತಿಥಿಗೆ ಹಾಗೆ ಹೇಳೋ ಅಧಿಕಾರ ನಾವು ಯಾವ ಸ್ಟೂಡೆಂಟ್‌ಗೆ ಕೊಟ್ಟಿದ್ದೀವಿ ಹೇಳಿ?

ಲೆಕ್ಕ ಹಾಕೋಣ, ನಾವು ಕಾಮರ್ಸ್‌ನವರಲ್ವಾ. ಸೆಷನ್ 60 ನಿಮಿಷ. ಸ್ವಾಗತ, ಪರಿಚಯ, ಶಾಲು, ಗಿಡ ಕೊಡೋದು ಎಲ್ಲ ಸೇರಿ 15. ನಾಲ್ವರಿಗೂ ತಲಾ 10 ನಿಮಿಷದ 'ಆರಂಭಿಕ ಮಾತು', ಅಲ್ಲಿಗೆ 55. ಉಳಿದ 5 ನಿಮಿಷದಲ್ಲೇ ವಂದನಾರ್ಪಣೆ, ಗ್ರೂಪ್ ಫೋಟೋ. ಹಾಲಲ್ಲಿ 200 ಜನ ಕೂತಿದ್ರೆ 200 ಗಂಟೆ ಖರ್ಚಾಯ್ತು. ಕಾಸ್ಟಿಂಗ್ ಪೇಪರಲ್ಲಿ ಐಡಲ್ ಟೈಮ್ ಅಂತ ಓದ್ತೀವಲ್ಲ, ಅದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಬೇಕಾ?

ಇದನ್ನೇ ವೃತ್ತಿ ಮಾಡ್ಕೊಂಡವರು ವಾರ ಮುಂಚೆ ಕೆಲಸ ಶುರು ಮಾಡ್ತಾರೆ. ಒಬ್ಬೊಬ್ಬ ಪ್ಯಾನಲಿಸ್ಟ್‌ಗೂ ಬೇರೆ ಬೇರೆಯಾಗಿ ಫೋನ್ ಮಾಡಿ, ಯಾರು ಯಾವ ವಿಷಯದಲ್ಲಿ ಒಬ್ಬರನ್ನೊಬ್ಬರು ಒಪ್ಪಲ್ಲ ಅಂತ ತಿಳ್ಕೊಳ್ತಾರೆ. ನಾಲ್ವರೂ ಒಂದೇ ಮಾತು ಹೇಳೋ ಹಾಗಿದ್ರೆ ನಾಲ್ವರು ಯಾಕೆ ಬೇಕು, ಒಬ್ಬರು ಸಾಕಲ್ಲ. 'ನಿಮ್ಮ ಪರಿಚಯ ಮಾಡ್ಕೊಳಿ' ಅಂತ ಶುರು ಮಾಡಲ್ಲ, ನೇರ ಜಗಳ ಇರೋ ಜಾಗಕ್ಕೇ ಹೋಗ್ತಾರೆ.

ಒಂದೇ ಅತಿಥಿ, ಎರಡು ವೇದಿಕೆ ನೋಡಿ. 2008ರ ಮಾರ್ಚಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ, ಸೌತ್ ಬೈ ಸೌತ್‌ವೆಸ್ಟ್ ಸಮಾವೇಶದಲ್ಲಿ ಪತ್ರಕರ್ತೆ ಸಾರಾ ಲೇಸಿ ಮಾರ್ಕ್ ಜುಕರ್‌ಬರ್ಗ್‌ನ ಸಂದರ್ಶನ ಮಾಡಿದ್ರು. ಸಂದರ್ಶಕಿಯೇ ಜಾಸ್ತಿ ಮಾತಾಡ್ತಿದ್ದಾರೆ, ನಮಗೆ ಬೇಕಾದ್ದು ಕೇಳ್ತಿಲ್ಲ ಅಂತ ಸಭಿಕರು ಮೊದಲು ಟ್ವಿಟರಲ್ಲಿ ಗೊಣಗಿದ್ರು, ಆಮೇಲೆ ಹಾಲಲ್ಲೇ ಕೂಗಿದ್ರು. ಎರಡು ವರ್ಷ ಆದ್ಮೇಲೆ, 2010ರಲ್ಲಿ ಡಿ8 ಸಮಾವೇಶ. ಅಲ್ಲಿ ಕಾರಾ ಸ್ವಿಶರ್ ಮತ್ತು ವಾಲ್ಟ್ ಮಾಸ್‌ಬರ್ಗ್ ಅದೇ ಜುಕರ್‌ಬರ್ಗ್‌ಗೆ ಪ್ರೈವಸಿ ಬಗ್ಗೆ ಬಿಡದೆ ಕೇಳಿದ್ರು. ಮನುಷ್ಯ ಬೆವತು ತನ್ನ ಹೂಡಿನೇ ಬಿಚ್ಚಬೇಕಾಯ್ತು. ವೀಡಿಯೋ ಇದೆ, ಹುಡುಕಿ ನೋಡಿ. ಗಮನಿಸಿ, ಯಾರೂ ದನಿ ಏರಿಸಿಲ್ಲ. ಅದೇ ಪ್ರಶ್ನೆನ ಇನ್ನೊಂದು ಕಡೆಯಿಂದ ಮತ್ತೆ ಕೇಳಿದ್ರು, ಅಷ್ಟೇ.

ಅಮೆರಿಕದ ತನಕ ಯಾಕೆ, ನಮ್ಮ ಕರಾವಳಿ ಕಡೆಯವರಿಗೆ ತಾಳಮದ್ದಳೆ ಗೊತ್ತಲ್ಲ. ಇಬ್ಬರು ಅರ್ಥಧಾರಿಗಳು ವಾದಕ್ಕೆ ಬಿದ್ದು ಸುತ್ತಿದ್ದಲ್ಲೇ ಸುತ್ತೋಕೆ ಶುರು ಮಾಡಿದ್ರೆ ಭಾಗವತರು ಮುಂದಿನ ಪದ ಎತ್ತುತ್ತಾರೆ. ಮಾತು ಅಲ್ಲಿಗೆ ನಿಲ್ಲುತ್ತೆ. ಯಾರಿಗೂ ಅವಮಾನ ಇಲ್ಲ, ಕಥೆ ಮುಂದಕ್ಕೆ ಹೋಯ್ತು. ನನಗಂತೂ ಇದಕ್ಕಿಂತ ಚೆಂದದ ಮಾಡರೇಶನ್ ಗೊತ್ತಿಲ್ಲ.

ಆನ್‌ಲೈನ್ ಕಥೆ ಇನ್ನೂ ಕಷ್ಟ, ಅಲ್ಲಿ ಮುಖ ಕಾಣಲ್ಲ. 'ಎನಿ ಕ್ವೆಶ್ಚನ್ಸ್?' ಅಂತ ಕೇಳಿ ಮೂರು ಸೆಕೆಂಡ್ ಮೌನ, ಆಮೇಲೆ 'ಓಕೆ, ಥ್ಯಾಂಕ್ಯೂ'. ಟೈಪ್ ಮಾಡೋಕಾದ್ರೂ ಟೈಮ್ ಬೇಡ್ವಾ? ಕಂಪನಿಗಳಿಗೆ ಇದರ ಬಗ್ಗೆ ನಿಯಮಾನೇ ಇದೆ, ಕಾರ್ಪೊರೇಟ್ ಲಾ ನೋಟ್ಸಲ್ಲಿ ಸಿಗುತ್ತೆ. ಲಾಕ್‌ಡೌನ್ ಟೈಮಲ್ಲಿ, 2020ರ ಏಪ್ರಿಲ್ 8ರ ಸುತ್ತೋಲೆಯಲ್ಲಿ ಕಾರ್ಪೊರೇಟ್ ವ್ಯವಹಾರಗಳ ಸಚಿವಾಲಯ ಷೇರುದಾರರ ವಿಶೇಷ ಸಭೆಗಳನ್ನ ವೀಡಿಯೋದಲ್ಲಿ ನಡೆಸೋಕೆ ಒಪ್ಪಿಗೆ ಕೊಡ್ತು. ಮೇ 5ರಂದು ವಾರ್ಷಿಕ ಸಭೆಗೂ ಕೊಡ್ತು. ಷರತ್ತು ನೋಡಿ: ಸಭೆಗೆ 15 ನಿಮಿಷ ಮುಂಚೆನೇ ಲಿಂಕ್ ತೆರೆದಿರಬೇಕು, ಶುರುವಾಗಿ 15 ನಿಮಿಷ ಆಗೋ ತನಕ ಮುಚ್ಚಬಾರದು. ಸದಸ್ಯರು ಅಲ್ಲೇ ಪ್ರಶ್ನೆ ಕೇಳೋ ಹಾಗಿರಬೇಕು, ಇಲ್ಲಾ ಮುಂಚೆನೇ ಇಮೇಲ್‌ನಲ್ಲಿ ಕಳಿಸೋಕೆ ಟೈಮ್ ಕೊಡಬೇಕು. ಅಂದ್ರೆ ಪ್ರಶ್ನೆಗೆ ಜಾಗ ಮಾಡೋದು ಮರ್ಯಾದೆಗೋಸ್ಕರ ಅಲ್ಲ, ಅದು ಷರತ್ತು.

ದೊಡ್ಡ ಕಂಪನಿಗಳ ತ್ರೈಮಾಸಿಕ ಕಾನ್ಫರೆನ್ಸ್ ಕಾಲ್ ಟ್ರಾನ್ಸ್‌ಕ್ರಿಪ್ಟ್ ಸ್ಟಾಕ್ ಎಕ್ಸ್‌ಚೇಂಜ್ ವೆಬ್‌ಸೈಟಲ್ಲಿ ಸಿಗುತ್ತೆ. ಒಂದು ಓದಿ. 'ಮಾಡರೇಟರ್' ಅಂತ ಹೆಸರಿಲ್ಲದ ಒಬ್ಬರು ಇರ್ತಾರೆ. ಒಬ್ಬರಿಗೆ ಎರಡೇ ಪ್ರಶ್ನೆ, ಜಾಸ್ತಿ ಇದ್ರೆ ಮತ್ತೆ ಕ್ಯೂಗೆ ಬನ್ನಿ ಅಂತಾರೆ. ಎಷ್ಟೇ ದೊಡ್ಡ ಫಂಡ್‌ನವರಾದ್ರೂ ಅದೇ ಮಾತು.

ಈಗ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋ ವಿಷಯ. ನಮ್ಮ ಹಾಲಲ್ಲಿ ಮೈಕ್ ಯಾವಾಗ್ಲೂ ಹೋಗೋದು ಆ ಮೊದಲ ಸಾಲಿಗೇ, ಅದೇ ಇಬ್ಬರು ಹುಡುಗರಿಗೇ. 2018ರಲ್ಲಿ ಪ್ಲೋಸ್ ಒನ್ ಅನ್ನೋ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. 10 ದೇಶಗಳ 247 ಅಕಾಡೆಮಿಕ್ ಸೆಮಿನಾರ್‌ಗಳನ್ನ ಕೂತು ಗಮನಿಸಿದ್ರು. ಮೊದಲ ಪ್ರಶ್ನೆ ಗಂಡಸಿನದ್ದಾದ್ರೆ ಆಮೇಲೆ ಹೆಂಗಸರ ಪ್ರಶ್ನೆಗಳ ಪಾಲು ಕಡಿಮೆ ಆಗ್ತಿತ್ತು. ಅಂದ್ರೆ ಮೊದಲ ಕೈ ಯಾರದ್ದು ಅಂತ ಆರಿಸೋದು ಸಣ್ಣ ವಿಷಯ ಅಲ್ಲ, ಮಾಡರೇಟರ್ ಕೈಯಲ್ಲಿರೋದೇ ಅದು.

ಭಾಷೆ ಇನ್ನೊಂದು ಗೋಡೆ. ಪಿಯುಸಿ ತನಕ ಕನ್ನಡ ಮೀಡಿಯಂ ಓದಿ ಬಂದವರು ನಮ್ಮ ಕ್ಲಾಸಲ್ಲಿ ಎಷ್ಟು ಜನ ಇಲ್ಲ? ಅಪ್ಪನ ಅಂಗಡಿಯ ಜಿಎಸ್‌ಟಿ ರಿಟರ್ನ್ ತಾವೇ ತುಂಬೋ ಹುಡುಗಿ ಕೊನೇ ಸಾಲಲ್ಲಿ ಸುಮ್ನೆ ಕೂತಿರ್ತಾಳೆ. ವೇದಿಕೆ ಮೇಲಿನ ಟ್ಯಾಕ್ಸ್ ಕನ್ಸಲ್ಟೆಂಟ್‌ಗೆ ಕೇಳೋ ಅಸಲಿ ಪ್ರಶ್ನೆ ಇರೋದು ಅವಳ ಹತ್ರ. ಆದ್ರೆ ಇಂಗ್ಲಿಷಲ್ಲಿ ವಾಕ್ಯ ಜೋಡಿಸೋ ಹೊತ್ತಿಗೆ ವಂದನಾರ್ಪಣೆ ಶುರುವಾಗಿರುತ್ತೆ. 'ಕನ್ನಡದಲ್ಲೇ ಕೇಳಿ, ನಾನು ಅವರಿಗೆ ಹೇಳ್ತೀನಿ' ಅನ್ನೋಕೆ ಮಾಡರೇಟರ್‌ಗೆ ಐದು ಸೆಕೆಂಡ್ ಸಾಕು. ಅರ್ಧ ಜನಕ್ಕೆ ಬಾಯಿ ಬರದ ಪ್ಯಾನೆಲ್‌ನ ಚರ್ಚೆ ಅಂತ ನಾನು ಕರೆಯಲ್ಲ.

'ನಾವು ಸ್ಟೂಡೆಂಟ್ಸ್, ಗೆಸ್ಟ್‌ಗಳನ್ನ ತಡೆದ್ರೆ ಬೇಜಾರು ಮಾಡ್ಕೊಳ್ತಾರೆ' ಅಂತೀರಾ? ಮುಂಚೆನೇ ಹೇಳಿದ್ರೆ ಮಾಡ್ಕೊಳಲ್ಲ. 'ಸಾರ್, ಮೂರು ನಿಮಿಷಕ್ಕೆ ಕೈ ಎತ್ತುತ್ತೀನಿ' ಅಂತ ಫೋನಲ್ಲೇ ಹೇಳಿ. ದಿನಾ ಮೀಟಿಂಗ್‌ಗಳಲ್ಲೇ ಬದುಕೋ ಜನ ಅವರು, ನಮಗಿಂತ ಚೆನ್ನಾಗಿ ಅರ್ಥ ಆಗುತ್ತೆ.

ಫೆಸ್ಟ್ ಕಮಿಟಿಯಲ್ಲಿ ಇರೋರು ಇದನ್ನ ಓದ್ತಿದ್ರೆ: ಮಾಡರೇಟರ್ ಹೆಸರು ಈ ವಾರವೇ ಫಿಕ್ಸ್ ಮಾಡಿ, ಪೋಸ್ಟರಲ್ಲೂ ಹಾಕಿ. ಬಾಗಿಲಲ್ಲೇ ಎಲ್ಲರ ಕೈಗೂ ಒಂದು ಚೀಟಿ ಕೊಡಿ, ಪ್ರಶ್ನೆ ಯಾವ ಭಾಷೆಯಲ್ಲಾದ್ರೂ ಬರೀಲಿ. ಚೀಟಿ ಕತ್ತರಿಸೋ ಕೆಲಸಕ್ಕೆ ನಾನು ಬರ್ತೀನಿ.