ಹದ ಹೋದ ಮೇಲೆ ಬೀಜವೇಕೆ?

ಕಾನಹೊಸಹಳ್ಳಿಯ ಸುತ್ತಲಿನ ಹಳ್ಳಿಗಳಲ್ಲಿ ಪಿ.ಯು.ಸಿ. ಪಾಸಾದ ಹುಡುಗ ಹುಡುಗಿಯರಿಗೆ ಈಗ ಬರವಿಲ್ಲ. ಅವರಲ್ಲಿ ಯಾರು ವಿಶ್ವವಿದ್ಯಾನಿಲಯದ ಮೆಟ್ಟಿಲು ಹತ್ತುತ್ತಾರೆ, ಹತ್ತಿದವರಲ್ಲಿ ಯಾರು ಪದವಿ ಪಡೆಯುತ್ತಾರೆ ಎಂಬುದನ್ನು ಅವರ ಬುದ್ಧಿಯೊಂದೇ ತೀರ್ಮಾನಿಸುವುದಿಲ್ಲ. ಮುಂಗಾರಿನ ತಿಂಗಳಲ್ಲಿ ತಂದೆಯ ಕೈಯಲ್ಲಿ ಎಷ್ಟು ಹಣವಿದೆ ಎಂಬುದೇ ಬಹುಮಟ್ಟಿಗೆ ತೀರ್ಮಾನಿಸುತ್ತದೆ. ಶೇಂಗಾ, ಜೋಳದ ಈ ಬೆದ್ದಲು ಸೀಮೆಯಲ್ಲಿ ಕೈಯಲ್ಲಿದ್ದ ಕಾಸೆಲ್ಲ ಬೀಜ ಗೊಬ್ಬರಕ್ಕೆ ಹೋಗುವ ಹೊತ್ತಿಗೇ ಕಾಲೇಜಿನ ಬಾಗಿಲು ತೆರೆಯುತ್ತದೆ. ಭೂಮಿಯಿಲ್ಲದವರ ಪಾಡಂತೂ ಗುಳೆ ಹೋಗಿ ತಂದ ಕೂಲಿಯಲ್ಲೇ ನಡೆಯಬೇಕು.

ಏನೂ ಆಗಿಲ್ಲವೆಂದು ನಾವು ಹೇಳುವುದಿಲ್ಲ. 1953ಕ್ಕೆ ಮೊದಲು ಮದರಾಸು ಪ್ರಾಂತಕ್ಕೆ ಸೇರಿದ್ದ ಬಳ್ಳಾರಿ ಸೀಮೆಗೆ 1980ರಲ್ಲಿ ಕಲಬುರಗಿಯ ವಿಶ್ವವಿದ್ಯಾನಿಲಯ ಬಂತು. 2010ರಲ್ಲಿ ಬಳ್ಳಾರಿಯಲ್ಲೇ ಶ್ರೀಕೃಷ್ಣದೇವರಾಯರ ಹೆಸರಿನ ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. 2012ರ ಸಂವಿಧಾನ ತಿದ್ದುಪಡಿಯಿಂದ ಬಂದ 371ಜೆ ವಿಧಿಯ ಫಲವಾಗಿ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70 ಸೀಟುಗಳು ಈ ಭಾಗದ ಮಕ್ಕಳಿಗೆ ಮೀಸಲಾದವು. ಹೋರಾಡಿ ಪಡೆದ ಹಕ್ಕು ಇದು. ಆದರೆ ಸೀಟು ಕೊಟ್ಟ ಕಾನೂನು ಊಟ ಕೊಡಲಿಲ್ಲ, ಕೋಣೆಯ ಬಾಡಿಗೆ ಕೊಡಲಿಲ್ಲ.

ಅದಕ್ಕೆಂದು ಯೋಜನೆಗಳು ಇವೆಯಲ್ಲ ಎಂದು ಕೇಳುವವರುಂಟು. ಇವೆ, ನಿಜ. ಪರಿಶಿಷ್ಟ ಜಾತಿಯ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಷ್ಟು ಹಿಂದೆಯೇ ಆರಂಭವಾಯಿತು. ವಸತಿನಿಲಯದಲ್ಲಿ ಜಾಗ ಸಿಗದ ಹಿಂದುಳಿದ ವರ್ಗದವರಿಗೆ ತಿಂಗಳಿಗೆ 1,500 ರೂಪಾಯಿಯಂತೆ ಕೊಡುವ ವಿದ್ಯಾಸಿರಿ 2013ರಲ್ಲಿ ಬಂತು. 2021ರ ರೈತ ವಿದ್ಯಾನಿಧಿಯಲ್ಲಿ ಪದವಿ ತರಗತಿಯ ಹುಡುಗನಿಗೆ ವರ್ಷಕ್ಕೆ 5,000, ಹುಡುಗಿಗೆ 5,500 ರೂಪಾಯಿ ಗೊತ್ತುಮಾಡಿದರು. ಸಿ.ಇ.ಟಿ. ಮೂಲಕ ವೃತ್ತಿ ಶಿಕ್ಷಣಕ್ಕೆ ಹೋಗುವವರಿಗೆ ಶೇ. 2ರ ಬಡ್ಡಿಯ ಅರಿವು ಸಾಲವಿದೆ. ಕೇಂದ್ರ ಸರ್ಕಾರ 2024ರಲ್ಲಿ ಒಪ್ಪಿದ ವಿದ್ಯಾಲಕ್ಷ್ಮಿ ಯೋಜನೆ ಶ್ರೇಯಾಂಕ ಪಡೆದ ಆಯ್ದ ಸಂಸ್ಥೆಗಳಿಗೆ ಮಾತ್ರ. ಕೂಡ್ಲಿಗಿಯಲ್ಲೋ ಕೊಟ್ಟೂರಿನಲ್ಲೋ ಬಿ.ಎ., ಬಿ.ಕಾಂ. ಓದುವ ಕೂಲಿಕಾರನ ಮಗಳಿಗೆ ಈ ಕೊನೆಯ ಎರಡರಿಂದ ಏನು ಬಂತು?

ಇನ್ನು ಆಕೆಗೆ ದಕ್ಕಬೇಕಾದ ವೇತನದ ಮಾತು. ಕಾಲೇಜು ಫೀಸನ್ನು ಸೇರುವ ದಿನವೇ ಕೇಳುತ್ತದೆ. ಕೋಣೆಯ ಮಾಲೀಕ ಮುಂಗಡ ಕೇಳುತ್ತಾನೆ. ವೇತನವೋ, ಅರ್ಜಿ, ಪರಿಶೀಲನೆ, ಮಂಜೂರಾತಿ ಎಂದು ಅಲೆದು ಖಾತೆಗೆ ಬೀಳುವ ಹೊತ್ತಿಗೆ ಎಷ್ಟೋ ಸಲ ಪರೀಕ್ಷೆಯೇ ಮುಗಿದಿರುತ್ತದೆ. ಹದ ಹೋದ ಮೇಲೆ ಬೀಜ ತಂದುಕೊಟ್ಟು "ಬಿತ್ತಿಕೋ" ಎಂದರೆ ಯಾವ ರೈತ ಒಪ್ಪಿಯಾನು? ನಡುವಿನ ಆ ತಿಂಗಳುಗಳನ್ನು ತುಂಬುವುದು ಕೈಸಾಲ, ತಾಯಿಯ ಕಿವಿಯೋಲೆಯ ಗಿರವಿ, ವಾರದ ಕಂತಿನ ಸಂಘದ ಸಾಲ. ಸರ್ಕಾರದ ಹಣ ಕೊನೆಗೆ ಬಂದರೂ ಅದರಲ್ಲೊಂದು ಪಾಲು ಬಡ್ಡಿಗೆ ಹೋಗುತ್ತದೆ. ಸಾಲ ಹುಟ್ಟದವರ ಮಗ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಬಸ್ಸು ಹತ್ತುತ್ತಾನೆ.

ದುಡಿದು ಓದಲಿ, ತಪ್ಪೇನು ಎಂದು ಕೆಲವು ಹಿರಿಯರು ಹೇಳುತ್ತಾರೆ. ತಾವು ವಾರಾನ್ನ ಉಂಡು, ಮಠದ ಪ್ರಸಾದ ನಿಲಯದಲ್ಲಿ ಮಲಗಿ ಓದಿದವರೆಂದು ನೆನೆಯುತ್ತಾರೆ. ಅನ್ನವಿಟ್ಟ ಆ ಮನೆಗಳಿಗೂ ಮಠಗಳಿಗೂ ನಾಡು ಋಣಿಯಾಗಿದೆ. ಆದರೆ ಒಂದು ಮಾತು ಮರೆಯಬಾರದು: ಆ ಅನ್ನ ಹಸಿದ ದಿನವೇ ಸಿಗುತ್ತಿತ್ತು, ವರ್ಷ ಕಳೆದ ಮೇಲಲ್ಲ. ಅಲ್ಲದೆ ವಾರಾನ್ನದ ಮನೆಯ ಬಾಗಿಲು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲ. ಈ ಕೆಲಸ ದಾನಿಗಳ ಹೊಣೆಯಲ್ಲ, ಸರ್ಕಾರದ ಹೊಣೆ ಎನ್ನಲು ಅದೇ ಕಾರಣ.

ಬೊಕ್ಕಸದಲ್ಲಿ ಹಣವಿಲ್ಲ ಎಂಬ ಉತ್ತರ ಇಲ್ಲಿ ನಡೆಯದು. ಹೇಗೂ ಕೊಡುವ ಹಣವನ್ನು ಹೊತ್ತಿಗೆ ಕೊಡಿ ಎಂಬುದಷ್ಟೇ ನಮ್ಮ ಬೇಡಿಕೆ. ಸಹಕಾರ ಸಂಘಗಳ ಮೂಲಕ ರೈತರಿಗೆ ಬಡ್ಡಿಯಿಲ್ಲದ ಬೆಳೆಸಾಲ ಕೊಡುವ ಏರ್ಪಾಡು ರಾಜ್ಯದಲ್ಲಿದೆ. ಅದರ ಮಿತಿಯನ್ನು 2023ರಲ್ಲಿ 5 ಲಕ್ಷಕ್ಕೆ ಏರಿಸಿದರು. ಅದೇ ಸಂಘ ವಿದ್ಯಾರ್ಥಿಯ ಅರ್ಜಿಯ ಆಧಾರದ ಮೇಲೆ ವೇತನದಷ್ಟು ಮೊತ್ತವನ್ನು ಜೂನ್‌ನಲ್ಲೇ ಮುಂಗಡ ಕೊಡಲಿ. ವೇತನ ಮಂಜೂರಾದಾಗ ಸರ್ಕಾರ ಸಂಘಕ್ಕೆ ನೇರವಾಗಿ ತೀರಿಸಲಿ. ಸರ್ಕಾರಕ್ಕೆ ತಗಲುವ ಹೆಚ್ಚಿನ ಖರ್ಚು ಕೆಲವು ತಿಂಗಳ ಬಡ್ಡಿ ಮತ್ತು ಅಲ್ಲೊಂದು ಇಲ್ಲೊಂದು ತಿರಸ್ಕೃತ ಅರ್ಜಿಯ ನಷ್ಟ. ಅದು ಬಡವನ ಮನೆಗಿಂತ ಬೊಕ್ಕಸಕ್ಕೆ ಹಗುರ. ಜೊತೆಗೆ, ವೇತನ ಬರುವವರೆಗೆ ಫೀಸಿನ ನೆಪದಲ್ಲಿ ಪ್ರವೇಶವನ್ನಾಗಲಿ ಹಾಲ್ ಟಿಕೆಟನ್ನಾಗಲಿ ತಡೆಹಿಡಿಯಬಾರದೆಂದು ಆಜ್ಞೆಯಾಗಲಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ತಾಲ್ಲೂಕು ಕೇಂದ್ರಗಳಲ್ಲಿ ವಿದ್ಯಾರ್ಥಿನಿಲಯಗಳನ್ನು ಹೆಚ್ಚಿಸಲಿ. 2023ರ ಜೂನ್‌ನಿಂದ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚು ತಪ್ಪಿದೆ. ದಿನವೂ ಓಡಾಡಲಾರದಷ್ಟು ದೂರದ ಊರಿನವರಿಗೆ ತಂಗಲು ನಂಬಿಕೆಯ ಜಾಗ ಬೇಕು.

ನಮ್ಮ ಕಡೆಯ ಕೆಲಸವೂ ಇದೆ. ಫಲಿತಾಂಶ ಬರುವ ಮೊದಲೇ ನಾಡಕಚೇರಿಯಿಂದ ಜಾತಿ, ಆದಾಯ ಪ್ರಮಾಣಪತ್ರ ಪಡೆಯಿರಿ. ಮಕ್ಕಳ ಬ್ಯಾಂಕ್ ಖಾತೆಗೆ ಆಧಾರ್ ಜೋಡಿಸಿರಿ. ಏಳೂವರೆ ಲಕ್ಷದೊಳಗಿನ ಶಿಕ್ಷಣ ಸಾಲಕ್ಕೆ 2015ರಿಂದ ಸರ್ಕಾರಿ ಖಾತರಿ ನಿಧಿಯಿದೆ. ಆಸ್ತಿ ಪತ್ರ ಕೇಳಿದರೆ ಅದನ್ನು ತೋರಿಸಿ ವಾದಿಸಿರಿ. ಒಬ್ಬೊಬ್ಬರೇ ಕಚೇರಿಗೆ ಅಲೆದರೆ ನಾಳೆ ಬಾ ಎನ್ನುತ್ತಾರೆ. ಊರಿನ ಹತ್ತು ಮನೆಯವರು ಕೂಡಿ ಹೋಗಿ ಕೇಳಿದರೆ ಉತ್ತರ ಹೇಳಲೇಬೇಕಾಗುತ್ತದೆ.